ತಣ್ಣಗಿರುವಾಗ ತೋರಿಸು

ನಮ್ಮ ಕಾರಿಗೆ ಬೆಳಗ್ಗೆ ಆರೂವರೆಗೆ ಮಾತ್ರ ಬರುವ ಕಾಯಿಲೆಯೊಂದಿತ್ತು.

ದೊಡ್ಡಬಳ್ಳಾಪುರದಿಂದ ಹೆಬ್ಬಾಳದ ಆಚೆ ಆಫೀಸಿಗೆ ಹೋಗೋರಿಗೆ ಈ ಆರೂವರೆ ಬಹಳ ಮುಖ್ಯ. ಆಗ ಹೊರಟರೆ ರಾಜಾನುಕುಂಟೆ, ಯಲಹಂಕ ಆರಾಮಾಗಿ ದಾಟಬಹುದು. ಏಳೂಕಾಲು ಆಯ್ತೋ, ಅರ್ಧ ಆಯುಷ್ಯ ಸಿಗ್ನಲ್ಲಿನಲ್ಲೇ. ಘಾಟಿ ಜಾತ್ರೆ ಹತ್ತಿರ ಬಂದ ಹಾಗೆ ನಮ್ಮ ಕಡೆ ಚಳಿ, ಮಂಜು ಎರಡೂ ಜಾಸ್ತಿ. ಕೀ ತಿರುಗಿಸಿದರೆ ಎಂಜಿನ್ ಶುರುವಾಗೋದು, ಆದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗೋದು. ಗೇರ್ ಹಾಕಿದರೆ ಆಫ್. ಐದು ನಿಮಿಷ ಕಾದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡೋದು.

ಸರ್ವೀಸಿಗೆ ಎರಡು ಸಲ ಬಿಟ್ಟೆ. ಮೊದಲ ಸಲ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಎರಡನೇ ಸಲ ಬ್ಯಾಟರಿ ಬದಲಾಯಿಸಿದರು. ಎರಡೂ ಸಲ 'ನಾವು ಓಡಿಸಿ ನೋಡಿದ್ವಿ ಸರ್, ಪ್ರಾಬ್ಲಮ್ ಇಲ್ಲ' ಅಂದರು. ನಾನೂ ರಾತ್ರಿ ಹನ್ನೆರಡರವರೆಗೆ ಯೂಟ್ಯೂಬ್ ನೋಡಿ ಅರ್ಧ ಮೆಕ್ಯಾನಿಕ್ ಆದೆ. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ, ಅದಕ್ಕೇ ತಣ್ಣಗಿರೋ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಹಳೇ ಕಾರುಗಳಲ್ಲಿ ಚೋಕ್ ಎಳೀತಿದ್ದದ್ದು ಇದಕ್ಕೇ. ಈಗ ಕೂಲೆಂಟ್ ಎಷ್ಟು ಬಿಸಿ ಇದೆ ಅಂತ ಒಂದು ಸೆನ್ಸರ್ ಹೇಳುತ್ತೆ, ಅದನ್ನು ನೋಡಿ ಕಂಪ್ಯೂಟರ್ ಪೆಟ್ರೋಲ್ ಲೆಕ್ಕ ಹಾಕುತ್ತೆ. ಸೆನ್ಸರ್ರೇ ಹೋಗಿರಬೇಕು ಅಂತ ನಾನು ತೀರ್ಪು ಕೊಟ್ಟುಬಿಟ್ಟೆ.

ಜಗಲಿ ಮೇಲೆ ಕೂತಿದ್ದ ಅಪ್ಪ ಮೂವತ್ತು ವರ್ಷ ಪವರ್‌ಲೂಮ್ ನಡೆಸಿದವರು. 'ನಾಲ್ಕರಲ್ಲಿ ಒಂದು ಎಳೀತಿಲ್ಲ ಕಣೋ' ಅಂದರು.

ನಾನು ಸೆನ್ಸರ್ ಬಗ್ಗೆ ಪಾಠ ಮಾಡಿದೆ. ಪೂರ್ತಿ ಕೇಳಿಸಿಕೊಂಡು, 'ಅವರಿಗೆ ಎಷ್ಟೊತ್ತಿಗೆ ತೋರಿಸ್ದೆ?' ಅಂದರು.

'ಹನ್ನೊಂದಕ್ಕೆ.'

'ಬಿಸಿಯಾದ್ಮೇಲೆ ಕಾಯಿಲೆ ಎಲ್ಲಿರುತ್ತೆ? ತಣ್ಣಗಿರುವಾಗ ತೋರ್ಸು.'

ಮಾರನೇ ದಿನ ಆರು ಗಂಟೆಗೆ ನಮ್ಮ ಬೀದಿಯ ಮೆಕ್ಯಾನಿಕ್ ಮಫ್ಲರ್ ಸುತ್ತಿಕೊಂಡು ಮನೆಗೇ ಬಂದರು. ಎಂಜಿನ್ ನಡುಗುತ್ತಿರುವಾಗಲೇ ಒಂದೊಂದೇ ಇಗ್ನಿಷನ್ ಕಾಯಿಲ್‌ನ ಕನೆಕ್ಟರ್ ತೆಗೆದು ಹಾಕಿದರು. ಒಂದನೇದು, ಎರಡನೇದು, ನಾಲ್ಕನೇದು ತೆಗೆದಾಗ ನಡುಕ ಇನ್ನೂ ಹೆಚ್ಚಾಯ್ತು. ಮೂರನೇದು ತೆಗೆದಾಗ ಏನೂ ವ್ಯತ್ಯಾಸ ಇಲ್ಲ. ಅಂದರೆ ಅದು ಮೊದಲೇ ಕೆಲಸ ಮಾಡ್ತಿರಲಿಲ್ಲ. ಅಪ್ಪ ಕಾಫಿ ಕುಡಿಯುತ್ತಾ ಇದ್ದರು, ಏನೂ ಹೇಳಲಿಲ್ಲ.

ಮೂರನೇ ಕಾಯಿಲನ್ನು ಒಂದನೇದರ ಜೊತೆ ಅದಲುಬದಲು ಮಾಡುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. 'ಇವತ್ತಿಗೆ ಮುಗೀತು, ನಾಳೆ ಬರ್ತೀನಿ' ಅಂತ ಹೊರಟೇಬಿಟ್ಟರು. 'ಎಲ್ಲಾ ಒಟ್ಟಿಗೆ ಹೊಸದು ಹಾಕಿಬಿಡಿ ಅಣ್ಣ' ಅಂದೆ. 'ಹಾಕ್ಬೌದು. ಯಾವುದು ಕೆಟ್ಟಿತ್ತು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ' ಅಂದರು.

ಎರಡನೇ ಬೆಳಗ್ಗೆಯೂ ಮೂರನೇ ಸಿಲಿಂಡರೇ ಸತ್ತಿತ್ತು, ಹಾಗಾಗಿ ಕಾಯಿಲ್ ತಪ್ಪಲ್ಲ. ಸ್ಪಾರ್ಕ್ ಪ್ಲಗ್ ಅದಲುಬದಲು ಮಾಡಿದರು. ಮೂರನೇ ಬೆಳಗ್ಗೆ ಕಾಯಿಲೆ ಒಂದನೇ ಸಿಲಿಂಡರಿಗೆ ಹೋಗಿತ್ತು. ಪ್ಲಗ್ ಬಿಚ್ಚಿ ಟಾರ್ಚ್ ಹಿಡಿದರೆ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಬಿರುಕು. ರಾತ್ರಿಯ ತೇವ ಅದರಲ್ಲಿ ಕೂತು ಕಿಡಿ ಹಾರಬೇಕಾದ ಕರೆಂಟು ಪಕ್ಕದ ಲೋಹಕ್ಕೆ ಸೋರಿಹೋಗುತ್ತಿತ್ತು. ಎಂಜಿನ್ ಬಿಸಿಯಾದರೆ ತೇವ ಆರಿ ಎಲ್ಲ ಸರಿ. ನಾಲ್ಕೂ ಪ್ಲಗ್ ಹೊಸದು ಹಾಕಿದ ಖರ್ಚು, ನಾನು ಸುಮ್ಮನೆ ಬದಲಾಯಿಸಿದ ಬ್ಯಾಟರಿಯ ಕಾಲುಭಾಗವೂ ಆಗಲಿಲ್ಲ.

ನಿಮ್ಮ ಕಾರಿಗೂ ಹೀಗಾದರೆ ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಗ್ಗೆ ಅವರೇ ಮೊದಲ ಸಲ ಸ್ಟಾರ್ಟ್ ಮಾಡುವಂತೆ ಹೇಳಿ. ಆಗದಿದ್ದರೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. 'ಬಿಸಿಯಾದರೆ ಸರಿಹೋಗುತ್ತಲ್ಲ' ಅಂತ ತಿಂಗಳುಗಟ್ಟಲೆ ಓಡಿಸಬೇಡಿ. ಸುಡದೇ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಹಾಳುಮಾಡುತ್ತೆ, ಅದರ ಬೆಲೆ ಕೇಳಿದರೆ ನಿಮಗೂ ನಡುಕ ಬರುತ್ತೆ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆ ಮೂರು ದಿನ, ಎಂಜಿನ್ ತಣ್ಣಗಿರಲಿ ಅಂತ ಕಾರು ಮುಟ್ಟದೇ ಅಂಗಳದಲ್ಲಿ ಮೆಕ್ಯಾನಿಕ್ಕಿಗೆ ಕಾಯುವಾಗ ಇನ್ನೊಂದು ಸದ್ದು ಕೇಳಿಸಿತು. ಐದೂವರೆಗೆ ಬಚ್ಚಲಿನಲ್ಲಿ ಅಪ್ಪನ ಕೆಮ್ಮು. ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಉಸಿರು ಸಿಳ್ಳೆ ಹಾಕುತ್ತಿತ್ತು. ಇಷ್ಟು ದಿನ ಆ ಹೊತ್ತಿಗೆ ನಾನು ಗೀಸರ್, ಇಯರ್‌ಫೋನ್, ಲ್ಯಾಪ್‌ಟಾಪ್ ಬ್ಯಾಗ್ ಅಂತ ಓಡಾಡುತ್ತಿದ್ದೆ.

'ಡಾಕ್ಟ್ರಿಗೆ ತೋರ್ಸಿದೀನಿ ಕಣೋ, ಎರಡು ಸಲ. ಎದೆ ಕ್ಲಿಯರ್ ಇದೆ ಅಂದ್ರು.'

'ಎಷ್ಟೊತ್ತಿಗೆ ತೋರಿಸ್ದೆ?'

ಅಪ್ಪ ನನ್ನ ಮುಖ ನೋಡಿದರು. 'ಹನ್ನೊಂದಕ್ಕೆ.'

ಈ ಸಲ ನಾನೂ ಜೊತೆಗೆ ಹೋದೆ, ಬೆಳಗಿನ ಕೆಮ್ಮನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು. ಡಾಕ್ಟರ್ ಅದನ್ನು ಕೇಳಿ, ಊದಿ ನೋಡುವ ಒಂದು ಪ್ಲಾಸ್ಟಿಕ್ ಕೊಳವೆ ತರಿಸಿದರು. ಪೀಕ್ ಫ್ಲೋ ಮೀಟರ್. ದಿನಾ ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ರಾತ್ರಿ ಒಮ್ಮೆ ಊದಿ ನಂಬರ್ ಬರೆಯಬೇಕು. ಎರಡು ವಾರದ ಪಟ್ಟಿಯಲ್ಲಿ ಬೆಳಗಿನ ನಂಬರುಗಳೆಲ್ಲ ರಾತ್ರಿಯವಕ್ಕಿಂತ ಕೆಳಗೇ ಇದ್ದವು. ಅಸ್ತಮಾ. ಇನ್‌ಹೇಲರ್ ಶುರುವಾಯಿತು. ನಂಬರುಗಳು ನಿಧಾನಕ್ಕೆ ಮೇಲೆ ಬರುತ್ತಿವೆ.

ಈಗಲೂ ಆರೂವರೆಗೇ ಹೊರಡುತ್ತೇನೆ. ಅದಕ್ಕೂ ಮೊದಲು ಅಪ್ಪ ಊದಿದ್ದನ್ನು ಹಳೇ ಮಗ್ಗದ ಲೆಕ್ಕದ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆಮೇಲೆ ಕಾರು ಸ್ಟಾರ್ಟ್ ಮಾಡುತ್ತೇನೆ. ಅಪ್ಪ ಜಗಲಿಯಿಂದ ಒಂದು ಕ್ಷಣ ಕಿವಿಕೊಟ್ಟು ಕೇಳಿ, 'ನಾಲ್ಕೂ ಎಳೀತಿದೆ, ಹೋಗು' ಅಂತಾರೆ.