ಅಟ್ಟದ ಮೇಲಿನ ಮಧು

ಇಟಲಿ ದೇಶದ ತೊಸ್ಕಾನ ಪ್ರಾಂತದಲ್ಲಿ ‘ವಿನ್ ಸಾಂತೊ’ ಎಂಬುದೊಂದು ಸಿಹಿಯಾದ ದ್ರಾಕ್ಷಾಮದ್ಯವುಂಟು. ‘ಪವಿತ್ರ ಮದ್ಯ’ವೆಂದು ಆ ಹೆಸರಿಗೆ ಅರ್ಥ. ಈ ಎರಡು ಪದಗಳು ಒಂದೆಡೆ ಸೇರಿದುದನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅವರೊಡನೆ ವಾದಕ್ಕೆ ನಿಲ್ಲುವುದು ನನ್ನ ಉದ್ದೇಶವಲ್ಲ. ಹೆಸರಿನ ಉತ್ಪತ್ತಿಯನ್ನು ಕುರಿತು ಆ ನಾಡಿನವರೇ ಏಕಮತದವರಲ್ಲ. ಕ್ರೈಸ್ತರ ಪೂಜೆಯಲ್ಲಿ ಉಪಯೋಗವಾಗುತ್ತಿದ್ದುದರಿಂದ ಹೀಗೆ ಕರೆದರೆಂದು ಹಲವರು ಹೇಳುವರು. 1348ರ ಮಹಾಮಾರಿಯಲ್ಲಿ ಸಿಯೆನಾ ಪಟ್ಟಣದ ಸಂನ್ಯಾಸಿಯೊಬ್ಬನು ಇದನ್ನು ಕುಡಿಸಿ ರೋಗಿಗಳನ್ನು ಬದುಕಿಸಿದನೆಂದು ಇನ್ನೊಂದು ಐತಿಹ್ಯ. 1439ರಲ್ಲಿ ಫ್ಲಾರೆನ್ಸಿನಲ್ಲಿ ನೆರೆದ ಧರ್ಮಸಭೆಗೆ ಬಂದಿದ್ದ ಗ್ರೀಕ್ ಆಚಾರ್ಯ ಬೆಸಾರಿಯೋನನು ಇದನ್ನು ಸವಿದು ‘ಕ್ಸಾಂಥೋಸ್’, ಅಂದರೆ ಹೊಂಬಣ್ಣದ್ದು, ಎಂದನಂತೆ. ಕೇಳಿದವರು ‘ಸಾಂತೊ’ ಎಂದು ಗ್ರಹಿಸಿದರಂತೆ. ವ್ಯಾಕರಣ ಓದಿದವನಿಗೆ ಈ ಮೂರನೆಯದೇ ರುಚಿಸುವುದು ಸಹಜ. ನಿಜವೆಂದು ಮಾತ್ರ ಹೇಳಲಾರೆನು.

ಇದನ್ನು ಮಾಡುವ ಕ್ರಮವು ವಿಚಿತ್ರವಾದುದು. ತ್ರೆಬ್ಬಿಯಾನೊ, ಮಾಲ್ವಸೀಯ ಎಂಬ ಬಿಳಿಯ ದ್ರಾಕ್ಷಿಯ ಗೊಂಚಲುಗಳನ್ನು ಶರತ್ಕಾಲದಲ್ಲಿ ಕೊಯ್ದು, ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕುವರು, ಇಲ್ಲವೆ ಚಾಪೆಗಳ ಮೇಲೆ ಹರಡುವರು. ಚಳಿಗಾಲವು ಬರುವ ವೇಳೆಗೆ ಅವು ಸುಕ್ಕುಗಟ್ಟಿ ಸಕ್ಕರೆಯೇರಿರುವುವು. ಆಮೇಲೆ ಹಿಂಡಿದರೆ ದೊರೆಯುವ ರಸವು ಅತ್ಯಲ್ಪ. ಅದನ್ನು ‘ಕರಾತೆಲ್ಲಿ’ ಎಂಬ ಸಣ್ಣ ಮರದ ಪೀಪಾಯಿಗಳಿಗೆ, ಕಂಠಪೂರ್ತಿ ತುಂಬದೆ, ಸುರಿದು ಬಾಯನ್ನು ಭದ್ರವಾಗಿ ಮುಚ್ಚಿ ಮನೆಯ ಅಟ್ಟದಲ್ಲಿ ಇಡುವರು. ಉಳಿದ ಮದ್ಯಗಳಿಗೆ ತಂಪಾದ ನೆಲಮಾಳಿಗೆ ಬೇಕು. ಇದಕ್ಕಾದರೋ ಹೆಂಚಿನ ಕೆಳಗಣ ಬೇಸಗೆಯ ಕಾವೂ ಮಾಗಿಯ ಕೊರೆತವೂ ಬೇಕು. ಕಾವಿನಲ್ಲಿ ಹುದುಗೆದ್ದು, ಚಳಿಯಲ್ಲಿ ನಿದ್ರಿಸಿ, ಮರುವರ್ಷ ಪುನಃ ಎಚ್ಚರಗೊಳ್ಳುವುದು. ಹೀಗೆ ಕನಿಷ್ಠ ಮೂರು ವರುಷ. ಹತ್ತು ವರುಷ ಕಾಯುವವರೂ ಉಂಟು. ನಡುವೆ ಬಿರಡೆಯನ್ನು ತೆಗೆಯುವ ಪದ್ಧತಿಯಿಲ್ಲ.

ನನ್ನ ಮನಸ್ಸನ್ನು ಸೆಳೆದುದು ಬೇರೊಂದು. ಪೀಪಾಯಿಯನ್ನು ಬರಿದುಮಾಡಿದಾಗ ತಳದ ಮಡ್ಡಿಯನ್ನು ತೊಳೆದು ಚೆಲ್ಲದೆ, ಹೊಸ ರಸಕ್ಕೆ ಅದನ್ನೇ ಹೆಪ್ಪಾಗಿ ಬಿಡುವರು. ಅದಕ್ಕೆ ‘ಮಾದ್ರೆ’ ಎಂದು ಹೆಸರು. ನಮ್ಮ ಮಾತೃಶಬ್ದದ ಒಡಹುಟ್ಟು. ನಿನ್ನೆಯ ಮೊಸರಿನಿಂದ ಇಂದಿನ ಹಾಲನ್ನು ಹೆಪ್ಪಿಡುವ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಪಾಠಶಾಲೆಯಲ್ಲಿ ಅರ್ಥಶಾಸ್ತ್ರವನ್ನು ಓದುವಾಗ, ದ್ರಾಕ್ಷಾರಸವೇ ‘ಮಧು’ವೆಂದೂ, ಹುಟ್ಟಿದ ದೇಶದಿಂದ ಅದಕ್ಕೆ ಕಾಪಿಶಾಯನ, ಹಾರಹೂರಕವೆಂಬ ಹೆಸರುಗಳೆಂದೂ ಕಂಠಪಾಠ ಮಾಡಿದ್ದೆನು. ಮಿತವಾಗಿ ಸೇವಿಸಿದ ಮದ್ಯವು ಅಮೃತಸಮಾನವೆಂದು ಚರಕನ ಮತವೂ ಗೊತ್ತಿತ್ತು. ಗೊತ್ತಿದ್ದುದು ಬಾಯಿಪಾಠಕ್ಕಷ್ಟೆ, ಅರುವತ್ತು ವರುಷ ನಾನು ಅದನ್ನು ಮುಟ್ಟಿದವನಲ್ಲ. ಫ್ಲಾರೆನ್ಸಿನಲ್ಲಿ ಉದ್ಯೋಗದಲ್ಲಿರುವ ಹಳೆಯ ಶಿಷ್ಯನೊಬ್ಬನು ಕಿಯಾಂತಿ ಬೆಟ್ಟಗಳ ನಡುವಿನ ಒಂದು ಒಕ್ಕಲು ಮನೆಗೆ ನನ್ನನ್ನು ಕರೆದೊಯ್ದನು. ಮನೆಯೊಡತಿ ಎಂಬತ್ತು ದಾಟಿದ ವೃದ್ಧೆ. ಕುಳ್ಳಿರಿಸಿದವಳೇ ಸಣ್ಣ ಬಟ್ಟಲನ್ನು ತಂದಿಟ್ಟಳು. “ಮೇಷ್ಟ್ರೇ, ಬೇಡವೆಂದರೆ ಈಕೆ ಬೇಸರಪಡುವವಳಲ್ಲ. ಆದರೆ ಇಲ್ಲಿ ಅತಿಥಿಗೆ ಇದಕ್ಕಿಂತ ಮಿಗಿಲಾದುದನ್ನು ಕೊಡುವ ಸಂಪ್ರದಾಯವಿಲ್ಲ” ಎಂದನು ಶಿಷ್ಯ. ವ್ರತದ ಮೇಲೂ ಆತಿಥ್ಯದ ಮೇಲೂ ನನಗೆ ಗೌರವವುಂಟು. ಆ ದಿನ ಆತಿಥ್ಯವೇ ಮೇಲಾಯಿತು.

ಜೇನಿನ ಬಣ್ಣ; ಒಣ ಅಂಜೂರ, ಹುರಿದ ಬಾದಾಮಿಗಳ ಪರಿಮಳ; ಸಿಹಿಯು ನಾಲಗೆಗೆ ಅಂಟಿಕೊಳ್ಳುವಷ್ಟರಲ್ಲಿ ಎಳೆಯಾದ ಒಂದು ಹುಳಿ ಬಂದು ಅದನ್ನು ತೊಳೆದುಬಿಡುವುದು. ಜತೆಗೆ ‘ಕಂತುಚ್ಚಿ’ ಎಂಬ, ಎರಡು ಬಾರಿ ಬೇಯಿಸಿದ ಗಟ್ಟಿಯಾದ ಬಾದಾಮಿ ಬಿಸ್ಕತ್ತು. ಅದನ್ನು ಅದ್ದಿ ತಿನ್ನುವುದು ರೂಢಿ. ಒಳ್ಳೆಯ ಮದ್ಯಕ್ಕೆ ಅದು ಅಪಚಾರವೆಂದು ರಸಜ್ಞರ ಆಕ್ಷೇಪ. ನಾನು ಅದ್ದುವವರ ಪಕ್ಷ. ನನ್ನ ಹಲ್ಲುಗಳು ಬೇರೆ ಪಕ್ಷಕ್ಕೆ ಸಮ್ಮತಿಸವು.

ಹಿಂದೆ ಆ ಸೀಮೆಯಲ್ಲಿ ನಮ್ಮ ಕೋರು ಪದ್ಧತಿಯಂತೆ ಬೆಳೆಯು ಒಡೆಯನಿಗೂ ಒಕ್ಕಲಿಗೂ ಪಾಲಾಗುತ್ತಿತ್ತು. 1964ರ ಕಾನೂನು ಹೊಸದಾಗಿ ಅಂಥ ಕರಾರುಗಳನ್ನು ಮಾಡುವುದನ್ನು ನಿಲ್ಲಿಸಿತು. ಆ ದಶಕಗಳಲ್ಲಿ ಒಕ್ಕಲುಗಳು ಪಟ್ಟಣ ಸೇರಿ ಎಷ್ಟೋ ಮನೆಗಳು ಬರಿದಾದುವು. ಆ ಕಷ್ಟದ ಬಾಳಿಗೆ ಅವರು ಮರಳಲೆಂದು ಹಾರೈಸುವುದು ನ್ಯಾಯವಲ್ಲ. ದೊಡ್ಡ ತೋಟದವರು ಈಗಲೂ ಈ ಮಧುವನ್ನು ಶ್ರದ್ಧೆಯಿಂದ ಮಾಡುತ್ತಾರೆ. ಮದ್ಯಸಾರವನ್ನು ಬೆರಸಿ ಬೇಗನೆ ಸಿದ್ಧಪಡಿಸುವ ಅಗ್ಗದ ಬಗೆಯೂ ಅಂಗಡಿಗಳಲ್ಲಿದೆ.

ಅಟ್ಟವನ್ನು ನೋಡಬೇಕೆಂದು ಕೇಳಿದೆನು. ಆರು ಪೀಪಾಯಿಗಳಿದ್ದುವು, ರಸವಿದ್ದುದು ಎರಡರಲ್ಲಿ. ಉಳಿದ ನಾಲ್ಕರಲ್ಲಿ ಮಾದ್ರೆ ಮಾತ್ರವಿದೆಯೆಂದು ಶಿಷ್ಯನು ತಿಳಿಸಿದನು. ಎಷ್ಟು ದಿನ ಹಾಗೆ ಬದುಕಿರುವುದೆಂದು ಕೇಳಿಸಿದೆನು. ವೃದ್ಧೆಯು ಪೀಪಾಯಿಯೊಂದನ್ನು ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಆಲಿಸಿ, ಏನನ್ನೂ ಹೇಳದೆ ಮೆಟ್ಟಿಲ ಕಡೆಗೆ ತಿರುಗಿದಳು.