ಭೂತಕಾಲದ ಪಾಠ

ಜಪಾನಿನ ಶಾಲೆಗಳಲ್ಲಿ ಇಂಗ್ಲಿಷನ್ನು ವರ್ಷಗಟ್ಟಲೆ ಕಲಿಸುತ್ತಾರೆ. ವ್ಯಾಕರಣ ಬಲ್ಲವರಿಗೆ ಅಲ್ಲಿ ಬರವಿಲ್ಲ. ಆದರೂ ನಾಲ್ಕು ಮಾತನಾಡಿರೆಂದರೆ ಅನೇಕ ಹಿರಿಯರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ತಪ್ಪಾಡಿ ಹತ್ತು ಜನರೆದುರು ನಗೆಗೀಡಾಗುವುದಕ್ಕಿಂತ ಮೌನವೇ ಲೇಸೆಂಬ ಸಂಕೋಚ ಅವರದು. ನಾವು ದಂಪತಿಗಳು ಕೋಬೆ ನಗರದಲ್ಲಿ ನೆಲೆಸಿದ್ದ ಕಾಲದಲ್ಲಿ ಇಂತಹವರಿಗೆ ಸಂಜೆಯ ಹೊತ್ತು ಇಂಗ್ಲಿಷ್ ಸಂಭಾಷಣೆ ಕಲಿಸುತ್ತಿದ್ದೆವು. ಬ್ಯಾಂಕಿನಿಂದ ನಿವೃತ್ತರಾದವರು, ಗೃಹಿಣಿಯರು, ಅಂಗಡಿ ನಡೆಸುವವರು, ಹೀಗೆ ಹತ್ತು-ಹನ್ನೆರಡು ಮಂದಿ. ಹವ್ಯಾಸವೇನು, ಊಟವೇನು ಎಂದು ಕೇಳಿದರೆ ಒಂದೇ ವಾಕ್ಯದ ಉತ್ತರ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈ ಮೌನವನ್ನು ಮುರಿದದ್ದು ದೆವ್ವದ ಕಥೆಗಳೆಂದರೆ ವಾಚಕರಿಗೆ ವಿಚಿತ್ರವೆನಿಸಬಹುದು.

ಜಪಾನಿನಲ್ಲಿ ದೆವ್ವದ ಕಥೆಗಳಿಗೆ ಬೇಸಿಗೆಯೇ ಸಕಾಲ. ಬಹುತೇಕ ಕಡೆ ಆಗಸ್ಟ್ ತಿಂಗಳ ನಡುವೆ ಆಚರಿಸುವ ಓಬೋನ್ ಹಬ್ಬದಲ್ಲಿ ಗತಿಸಿದ ಹಿರಿಯರು ಮನೆಗೆ ಬರುತ್ತಾರೆಂಬ ನಂಬಿಕೆ. ಅವರು ಬೇಗ ಬರಲೆಂದು ಸೌತೆಕಾಯಿಯ ಕುದುರೆ, ನಿಧಾನವಾಗಿ ಮರಳಲೆಂದು ಬದನೆಕಾಯಿಯ ಹಸು. ಇವಕ್ಕೆ ಕಡ್ಡಿಯ ಕಾಲು ಚುಚ್ಚಿ ಇಡುವ ರೂಢಿ ಹಲವೆಡೆ ಉಂಟು. ಹಿರಿಯರ ಹಬ್ಬವನ್ನು ಕಂಡು ಬೆಳೆದ ನಮಗೆ ಇದು ಪರಕೀಯವೆನಿಸಲಿಲ್ಲ. ಹಿಂದೆ ಎದೋ ಕಾಲದಲ್ಲಿ ನೂರು ದೀಪ ಹಚ್ಚಿ, ಒಂದು ಕಥೆಗೆ ಒಂದರಂತೆ ಆರಿಸುತ್ತ ಹೋಗುವ ಕೂಟಗಳೂ ಇದ್ದವು. ಕೊನೆಯ ದೀಪ ಆರಿದೊಡನೆ ದೆವ್ವವೇ ಬರುವುದೆಂದು ಹೆದರಿ ತೊಂಬತ್ತೊಂಬತ್ತಕ್ಕೇ ನಿಲ್ಲಿಸುತ್ತಿದ್ದರಂತೆ.

ಈ ಮಾರ್ಗದಲ್ಲಿ ನಮಗಿಂತ ಹಿಂದೆ ನಡೆದವರೊಬ್ಬರುಂಟು. ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿದ ಲಾಫ್ಕಾಡಿಯೊ ಹರ್ನ್ ೧೮೯೦ರಲ್ಲಿ ಜಪಾನಿಗೆ ಬಂದು ಮಾತ್ಸುಯೆ ಪಟ್ಟಣದಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಅವರ ಪತ್ನಿ ಸೆತ್ಸು ಹೇಳಿದ ಹಳೆಯ ಕಥೆಗಳೇ ೧೯೦೪ರ ‘ಕ್ವೈದಾನ್’ ಗ್ರಂಥಕ್ಕೆ ಬಹುಮಟ್ಟಿಗೆ ಆಧಾರ. ಆಕೆಗೆ ಇಂಗ್ಲಿಷ್ ಬಾರದು, ಆತನಿಗೆ ಜಪಾನಿ ಭಾಷೆ ಚೆನ್ನಾಗಿ ಬಾರದು. ವ್ಯಾಕರಣ ತಪ್ಪಿದ, ಅವರಿಬ್ಬರಿಗೇ ತಿಳಿಯುವ ಜಪಾನಿಯಲ್ಲಿ ಮಾತು ನಡೆಯುತ್ತಿತ್ತು. ಆ ಮಾತಿನಿಂದಲೇ ಸಂಸಾರವೂ ಸಾಗಿತು, ಗ್ರಂಥವೂ ಆಯಿತು. ಇದನ್ನು ಕೇಳಿದ ಮೇಲೆ ನಮ್ಮ ವಿದ್ಯಾರ್ಥಿಗಳ ಅಂಜಿಕೆ ಅರ್ಧ ಇಳಿಯಿತು.

ಕಥೆಗೆ ಭೂತಕಾಲದ ಕ್ರಿಯಾಪದ ಬೇಕೇ ಬೇಕು. ಗತಿಸಿದ ಕಾಲಕ್ಕೂ ದೆವ್ವಕ್ಕೂ ಕನ್ನಡದಲ್ಲಿ ‘ಭೂತ’ವೆಂಬ ಒಂದೇ ಹೆಸರೆಂದು ತಿಳಿಸಿದಾಗ ತರಗತಿಯೆಲ್ಲ ನಕ್ಕಿತು. ಇನ್ನೊಂದು ಸಾಮ್ಯವೂ ಕಂಡಿತು. ಕೇಳಿದ ಸುದ್ದಿಗೆ ನಾವು ಕೊನೆಯಲ್ಲಿ ‘ಅಂತೆ’ ಸೇರಿಸುವಂತೆ ಜಪಾನೀಯರು ‘ಸೋ ದ’ ಎಂದು ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ‘ಜನರು ಹೇಳುತ್ತಾರೆ’ ಎಂಬುದನ್ನು ಸಾಮಾನ್ಯವಾಗಿ ಮೊದಲೇ ಹೇಳಬೇಕು. ಅದನ್ನು ಮರೆತು, ಕೇಳಿದ್ದೆಲ್ಲವನ್ನೂ ತಾವೇ ಕಂಡಂತೆ ಹೇಳುತ್ತಿದ್ದರು.

೧೯೭೯ರಲ್ಲಿ ಜಪಾನಿನಾದ್ಯಂತ ಒಂದು ವದಂತಿ ಹಬ್ಬಿತ್ತು. ಮುಖವಸ್ತ್ರ ಧರಿಸಿದ, ಬಾಯಿ ಸೀಳಿದ ಹೆಂಗಸು ಮಕ್ಕಳನ್ನು ತಡೆದು ‘ನಾನು ಸುಂದರಿಯೇ?’ ಎನ್ನುವಳಂತೆ. ‘ಹೌದು’ ಎಂದರೂ ಕೇಡು, ‘ಇಲ್ಲ’ ಎಂದರೂ ಕೇಡು. ‘ಪರವಾಗಿಲ್ಲ’ ಎಂದರೆ ಪಾರು. ಆಗ ಮಕ್ಕಳಾಗಿದ್ದವರು ತರಗತಿಯಲ್ಲಿ ಸ್ಪರ್ಧೆಗೆ ಬಿದ್ದು ಈ ಕಥೆ ಹೇಳಿದರು. ಪ್ರತಿಯಾಗಿ ನಾವು, ೧೯೯೦ರ ದಶಕದಲ್ಲಿ ನಮ್ಮ ಬಾಗಿಲುಗಳ ಮೇಲೆ ಬರೆದಿದ್ದ ‘ನಾಳೆ ಬಾ’ ಎಂಬ ಬರಹದ ಕಥೆ ಹೇಳಿದೆವು. ಆ ದೆವ್ವ ಓದು ಬಲ್ಲದೇ ಎಂದು ಒಬ್ಬರು ತಾವಾಗಿ ಪ್ರಶ್ನೆ ಹಾಕಿದರು. ಸಂಭಾಷಣೆಯೆಂಬುದು ಅಂದು ಮೊದಲಾಯಿತು.

ಆ ನಗರಕ್ಕೆ ಮರೆಯಲಾಗದ ನೋವೊಂದಿದೆ. ೧೯೯೫ರ ಜನವರಿ ೧೭ರ ಬೆಳಗಿನ ಜಾವದ ಭೂಕಂಪದಲ್ಲಿ ಕೋಬೆ ಮತ್ತು ಸುತ್ತಮುತ್ತ ೬,೪೦೦ಕ್ಕೂ ಹೆಚ್ಚು ಜನ ಮಡಿದರು. ಅದುವರೆಗೆ ತಾವಾಗಿ ಬಾಯಿ ತೆರೆಯದಿದ್ದ ವೃದ್ಧೆಯೊಬ್ಬರು ಓಬೋನ್ ಹಬ್ಬದ ವಾರದಲ್ಲಿ ಎದ್ದು ನಿಂತರು. ಅವರ ತಾಯಿ ಕುಸಿದ ಮನೆಯಡಿ ತೀರಿಕೊಂಡಿದ್ದರು. ‘ಪ್ರತಿ ವರ್ಷ ಅಮ್ಮ ಬರುತ್ತಾರೆ. ಅಡುಗೆಮನೆಯಲ್ಲಿ ಸಪ್ಪಳ ಕೇಳುತ್ತದೆ. ನನಗೆ ಹೆದರಿಕೆಯಿಲ್ಲ. ಒಕಾಯೆರಿ ಎನ್ನುತ್ತೇನೆ’ ಎಂದು ಬಿಡಿಬಿಡಿಯಾಗಿ ಹೇಳಿದರು. ಹೊರಗಿನಿಂದ ಮನೆಗೆ ಮರಳಿದವರಿಗೆ ಜಪಾನಿನಲ್ಲಿ ದಿನನಿತ್ಯವೂ ಹೇಳುವ ಮಾತದು. ನಮ್ಮಲ್ಲಿ ‘ಬಂದಿರಾ’ ಎನ್ನುವಂತೆ. ಅದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಮಾತು ಯಾವುದೆಂದು ತರಗತಿಯೆಲ್ಲ ಅರ್ಧ ಗಂಟೆ ಚರ್ಚಿಸಿತು, ಇಂಗ್ಲಿಷಿನಲ್ಲಿಯೇ. ಒಬ್ಬರು ಹೇಳಿದ ಪದ ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ನಾವಿಬ್ಬರು ಅಲ್ಲಿದ್ದುದನ್ನೇ ಅವರು ಮರೆತಿದ್ದರು. ಆ ತಾಯಿಯ ವಾಕ್ಯಗಳೆಲ್ಲ ವರ್ತಮಾನಕಾಲದಲ್ಲಿದ್ದವು. ನಾವು ತಿದ್ದಲಿಲ್ಲ, ತಿದ್ದತಕ್ಕ ತಪ್ಪು ಅಲ್ಲಿರಲಿಲ್ಲ.

ದೆವ್ವ ಉಂಟೋ ಇಲ್ಲವೋ ಎಂಬ ವಾದ ನಮಗಿಲ್ಲಿ ಬೇಡ. ಹೇಳಲೇಬೇಕಾದುದೊಂದು ಎದೆಯಲ್ಲಿದ್ದರೆ ಮನುಷ್ಯ ಭಾಷೆಯ ಅಂಜಿಕೆಯನ್ನು ದಾಟುತ್ತಾನೆಂಬುದಷ್ಟೇ ನಾವು ಕಂಡ ಸತ್ಯ. ಪರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳು ಕನ್ನಡದಲ್ಲಿ ಮಾತನಾಡಲು ನಾಚುತ್ತಾರೆಂದು ಅನೇಕ ಮನೆಗಳಲ್ಲಿ ಕೊರಗುಂಟು. ‘ಊಟವಾಯಿತೇ’ ಎಂಬಲ್ಲಿಗೆ ದೂರವಾಣಿಯ ಮಾತು ನಿಲ್ಲುತ್ತದೆ. ಅಜ್ಜ-ಅಜ್ಜಿಯರು ಒಮ್ಮೆ ಊರಿನ ಹುಣಸೆಮರದ ದೆವ್ವದ ಕಥೆಯನ್ನು ಹೇಳಿ, ಅರ್ಧಕ್ಕೆ ನಿಲ್ಲಿಸಿ ನೋಡಲಿ. ‘ಆಮೇಲೇನಾಯಿತು?’ ಎಂದು ಮಗು ತಪ್ಪುತಪ್ಪಾಗಿಯಾದರೂ ಕನ್ನಡದಲ್ಲಿ ಕೇಳೀತು. ಆಗ ತಿದ್ದಲು ಹೋಗದೆ ಕಥೆಯನ್ನು ಮುಂದುವರಿಸುವುದು ಹಿರಿಯರಿಗೆ ಬಿಟ್ಟದ್ದು.