ಭಾವಹಿಂಸೆ ಮತ್ತು ಒಂದು ಆಟದ ಯಂತ್ರ

ದ್ರವ್ಯಹಿಂಸೆಗಿಂತ ಭಾವಹಿಂಸೆಯೇ ಕರ್ಮಬಂಧಕ್ಕೆ ಪ್ರಬಲ ಕಾರಣವೆಂಬುದನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಮತ್ತೊಬ್ಬರ ಭಾವವನ್ನು ತಿಳಿಯುವ ಬಗೆ ಯಾವುದು? ಈ ಪ್ರಶ್ನೆ ನನ್ನನ್ನು ಕಾಡಿದ್ದು ಸ್ವಾಧ್ಯಾಯದ ಹೊತ್ತಿನಲ್ಲಲ್ಲ, ಕೆಟ್ಟುಹೋದ ಆಟದ ಯಂತ್ರವೊಂದನ್ನು ರಿಪೇರಿ ಮಾಡುವಾಗ.

1993ರ ಡಿಸೆಂಬರಿನಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಕಂಡು ಹಿಂದಿರುಗುವಾಗ, ಎಂಟು ವರ್ಷದ ಮಗನ ಹಟಕ್ಕೆ ಮಣಿದು ಬೆಂಗಳೂರಿನಲ್ಲಿ ಒಂದು ವಿಡಿಯೋ ಗೇಮನ್ನು ಕೊಂಡೆ. ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ‘ಫ್ಯಾಮಿಲಿ ಕಂಪ್ಯೂಟರ್’ ಯಂತ್ರದ ಅಗ್ಗದ ನಕಲು ಅದು. ಟಿವಿಗೆ ಜೋಡಿಸಿ ಆಡಬೇಕು. ‘ಡಕ್ ಹಂಟ್’ ಎಂಬ ಆಟದಲ್ಲಿ ಪರದೆಯ ಮೇಲೆ ಹಾರುವ ಬಾತುಕೋಳಿಗಳಿಗೆ ಗುರಿಯಿಡಲು ಒಂದು ಪ್ಲಾಸ್ಟಿಕ್ ಬಂದೂಕೂ ಜೊತೆಗಿತ್ತು.

ಒಂದು ಸಂಜೆ ನಾನು ಅಂಗಡಿಯಿಂದ ಬಂದಾಗ ಮಗನು ಬಂದೂಕು ಹಿಡಿದು ಗಹಗಹಿಸಿ ನಗುತ್ತಿದ್ದ. ನನಗೆ ಜನ್ನಕವಿಯ ಯಶೋಧರ ಚರಿತೆ ನೆನಪಾಯಿತು. 1209ರ ಆ ಕಾವ್ಯದಲ್ಲಿ ಯಶೋಧರನು ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಗೆ ಆ ಗತಿಯಾದರೆ ಬೆಳಕಿನ ಬಾತುಕೋಳಿಗೆ? ಹೀಗೆ ಯೋಚಿಸಿದವನೇ ಬಂದೂಕನ್ನು ಕಿತ್ತುಕೊಂಡು, “ಜೈನರ ಮನೆಯಲ್ಲಿ ಹುಟ್ಟಿ ಇದೆಂಥ ಬುದ್ಧಿ!” ಎಂದು ನೆರೆಹೊರೆಗೆ ಕೇಳುವಂತೆ ಗದರಿದೆ. ಯಂತ್ರವು ಟ್ರಂಕು ಸೇರಿತು. ಮಗನು ಅದನ್ನು ಮತ್ತೆಂದೂ ಕೇಳಲಿಲ್ಲ. ಆ ಮೌನವನ್ನು ನಾನು ಸಂಸ್ಕಾರವೆಂದೇ ತಿಳಿದು ಹೆಮ್ಮೆಪಟ್ಟೆ.

ಕಳೆದ ಬೇಸಿಗೆಯಲ್ಲಿ ಮೊಮ್ಮಗನು ಟ್ರಂಕಿನಿಂದ ಅದನ್ನು ಹೊರತೆಗೆದ. ನನ್ನ ಧರ್ಮಪತ್ನಿ ಹಳೆಯ ಪಂಚೆಯಲ್ಲಿ ಸುತ್ತಿ ಜೋಪಾನ ಮಾಡಿದ್ದಳು. ಅವಳು ಇಂದಿಲ್ಲ, ಅವಳು ಕಟ್ಟಿದ ಗಂಟನ್ನು ಬಿಚ್ಚಿದ ಮೇಲೆ ಅದನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ರಜೆಗೆ ಬಂದಿದ್ದ ಮಗನೂ ನಾನೂ ರಿಪೇರಿಗೆ ಕುಳಿತೆವು. ಒಳಗೊಂದು ಕೆಪಾಸಿಟರ್ ಉಬ್ಬಿತ್ತು. ಕೆಲವೇ ರೂಪಾಯಿಗಳ ಬಿಡಿಭಾಗ. ಮಗನು ಹೊಸದನ್ನು ಬೆಸುಗೆ ಹಾಕಿದ. ಕ್ಯಾಸೆಟ್ಟಿನ ಲೋಹದ ಹಲ್ಲುಗಳು ಕಿಲುಬು ಹಿಡಿದಿದ್ದವು. ಆಟ ಬಾರದಿದ್ದಾಗ ಮಕ್ಕಳು ಅದರೊಳಗೆ ಊದುತ್ತಿದ್ದರಷ್ಟೆ. ಉಸಿರಿನ ತೇವದಿಂದ ಕಿಲುಬು ಹೆಚ್ಚುತ್ತದೆಂದು ಮಗನಿಂದ ತಿಳಿಯಿತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ ಮೇಲೆ ಪರದೆಯಲ್ಲಿ ಚಿತ್ರ ಮೂಡಿತು.

ಬಂದೂಕು ಮಾತ್ರ ಕೆಲಸ ಮಾಡಲಿಲ್ಲ. ಅದು ಏನನ್ನೂ ಹೊರಗೆಸೆಯುವುದಿಲ್ಲ, ಪರದೆಯ ಬೆಳಕನ್ನು ಗ್ರಹಿಸುತ್ತದೆ ಅಷ್ಟೆ. ಕುದುರೆಯನ್ನು ಎಳೆದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿಯಿದ್ದ ಜಾಗ ಬಿಳಿಯಾಗುತ್ತದೆ; ಆ ಬಿಳುಪು ಕಂಡರೆ ಗುರಿ ತಾಗಿದ ಲೆಕ್ಕ. ಈಗಿನ ಚಪ್ಪಟೆ ಟಿವಿಯಲ್ಲಿ ಚಿತ್ರ ತುಸು ತಡವಾಗಿ ಮೂಡುವುದರಿಂದ ಈ ಲೆಕ್ಕ ಕೂಡುವುದಿಲ್ಲ.

ಹಕ್ಕಿಗಳು ಹಾರಿಹೋದವು. ಹುಲ್ಲಿನ ಮರೆಯಿಂದ ನಾಯಿಯೊಂದು ಎದ್ದು ಹಲ್ಲು ಬಿಟ್ಟು ನಕ್ಕಿತು. ಮೊಮ್ಮಗನೂ ಬಿದ್ದು ಬಿದ್ದು ನಕ್ಕ.

“ಅಪ್ಪಾಜಿ, ಅಂದು ನಾನೂ ಇದಕ್ಕೇ ನಗುತ್ತಿದ್ದೆ. ನಾಯಿ ನಗಲೆಂದು ಬೇಕೆಂದೇ ಗುರಿ ತಪ್ಪಿಸುತ್ತಿದ್ದೆ,” ಎಂದ ಮಗ.

“ಆಗಲೇ ಏಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲವಲ್ಲ.”

ಭಾವವೇ ಮುಖ್ಯವೆಂದು ಸಭೆಗಳಲ್ಲಿ ಪ್ರವಚನ ಮಾಡಿದ ನಾನು ಮಗನಲ್ಲಿ ಕಂಡದ್ದು ಬಂದೂಕನ್ನು, ನಗುವನ್ನು, ಅವನ ಭಾವವನ್ನಲ್ಲ. ಹಿಂಸೆಯ ಆಟಗಳು ಸಲ್ಲದೆಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಆ ಸಂಜೆ ಮನೆಯಲ್ಲಿ ಹಿಂಸೆಯೆಂಬುದು ನಡೆದಿದ್ದರೆ ಅದು ನನ್ನ ಕ್ರೋಧದಿಂದ, ‘ನಾನು ಬಲ್ಲೆ’ ಎಂಬ ಮಾನಕಷಾಯದಿಂದ.

ಪ್ರತಿ ವರ್ಷ ಕ್ಷಮಾವಣಿಯಂದು ಬಂಧುಗಳಿಗೂ ಗಿರಾಕಿಗಳಿಗೂ ಕ್ಷಮೆ ಕೋರಿ ಪತ್ರ ಬರೆಯುತ್ತ ಬಂದಿದ್ದೇನೆ. ಮಗನನ್ನು ಒಮ್ಮೆಯೂ ಕೇಳಿರಲಿಲ್ಲ. ಅಂದು ಕ್ಷಮಾವಣಿಯಲ್ಲದಿದ್ದರೂ ಅವನೆದುರು ಕೈಜೋಡಿಸಿದೆ. ಅವನು ಗಾಬರಿಯಾಗಿ ನನ್ನ ಕೈಗಳನ್ನು ಹಿಡಿದುಕೊಂಡು, “ಬಿಡಿ ಅಪ್ಪಾಜಿ,” ಎಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮಕ್ಕಳನ್ನು ತಿದ್ದುವುದು ಶ್ರಾವಕರ ಕರ್ತವ್ಯವೇ ಸರಿ. ತಿದ್ದುವ ಮುನ್ನ ಒಂದು ಮಾತು ಕೇಳಿ ತಿಳಿಯೋಣವೆಂದು ಧರ್ಮಬಂಧುಗಳಲ್ಲಿ ನನ್ನ ವಿನಂತಿ.